ಶ್ರುತಿ ಪೆಟ್ಟಿಗೆ ಕರಕರ ಅಂದರೆ ಎಲ್ಲಿಂದ ಶುರು ಮಾಡಬೇಕು?

ನನ್ನ ಹೆಂಡತಿ ಮನೆಯಲ್ಲೇ ಮಕ್ಕಳಿಗೆ ಸಂಗೀತ ಹೇಳಿಕೊಡುತ್ತಾಳೆ. ಸಂಜೆ ಐದಕ್ಕೆ ಶುರುವಾದರೆ ಏಳೂವರೆವರೆಗೂ ಸರಳೆ, ಜಂಟಿ, ಅಲಂಕಾರ. ನನಗೆ ಒಂದು ಸ ಕೂಡ ನೆಟ್ಟಗೆ ಹಿಡಿಯಲು ಬರುವುದಿಲ್ಲ. ನನ್ನ ಪಾಲಿಗೆ ಬಂದಿರುವ ಕೆಲಸವೇ ಬೇರೆ. "ಅಂಕಲ್, ಶ್ರುತಿ ಬಾಕ್ಸ್ ಕರಕರ ಅಂತಿದೆ" ಎಂದು ಯಾವುದಾದರೂ ಮಗು ಪೆಟ್ಟಿಗೆ ಎತ್ತಿಕೊಂಡು ಬಂದರೆ ಅದನ್ನು ನೋಡುವುದು. ಹಾಡುವವರ ಹಿಂದೆ ತಂಬೂರಿಯ ಹಾಗೆ ಬಿಡದೆ ಶ್ರುತಿ ಹಿಡಿದಿರುವ ಎಲೆಕ್ಟ್ರಾನಿಕ್ ಪೆಟ್ಟಿಗೆ ಅದು.

ಹೀಗೆ ಹತ್ತು ವರ್ಷದಲ್ಲಿ ಸುಮಾರು ಪೆಟ್ಟಿಗೆಗಳನ್ನು ಬಿಚ್ಚಿದ್ದೇನೆ. ಒಂದು ಮಾತು ಮಾತ್ರ ಗಟ್ಟಿಯಾಗಿ ಹೇಳಬಲ್ಲೆ. ಇವು ಕೆಡುವುದು ನಾದ ಹುಟ್ಟುವ ಜಾಗದಲ್ಲಿ ಅಲ್ಲ, ಕೈ ತಾಗುವ ಜಾಗದಲ್ಲಿ. ಪಿನ್ ಚುಚ್ಚುವ ಸಾಕೆಟ್, ತಿರುಗಿಸುವ ನಾಬ್, ಒತ್ತುವ ಗುಂಡಿ, ಸೆಲ್ಲಿನ ಮುಚ್ಚಳ, ಸ್ಕ್ರೂ. ಒಳಗಿನ ಚಿಪ್ಪು ಹಾಯಾಗಿ ಕೂತಿರುತ್ತದೆ. ಚಿಲ್ಲರೆ ಕಾಸಿನ ಸಾಕೆಟ್ ಸಡಿಲವಾಗಿ ಸಾವಿರಾರು ರೂಪಾಯಿಯ ವಾದ್ಯ ಮೂಲೆ ಸೇರುತ್ತದೆ. ಆದ್ದರಿಂದ ಪೆಟ್ಟಿಗೆ ಕೈಕೊಟ್ಟರೆ ಮೊದಲು ನೋಡಬೇಕಾದದ್ದು ನಿಮ್ಮ ಬೆರಳು ಎಲ್ಲೆಲ್ಲಿ ಹೋಗುತ್ತದೆ ಅನ್ನುವುದನ್ನು.

ಅಂದ ಹಾಗೆ, ಈ ಎಲೆಕ್ಟ್ರಾನಿಕ್ ಪೆಟ್ಟಿಗೆ ನಮ್ಮ ಬೆಂಗಳೂರಿನಲ್ಲೇ ಹುಟ್ಟಿದ ವಾದ್ಯ. ಕೊಳಲು ನುಡಿಸುತ್ತಿದ್ದ ಇಂಜಿನಿಯರ್ ಜಿ. ರಾಜ್ ನಾರಾಯಣ್ 1979ರಲ್ಲಿ ಎಲೆಕ್ಟ್ರಾನಿಕ್ ತಂಬೂರಿ ಮಾಡಿದರು. ಅದಕ್ಕೂ ಮುಂಚೆ ಹಿಂದೆ ಕೂತು ತಂಬೂರಿ ಮೀಟಲು ಒಬ್ಬರು ಬೇಕಿತ್ತು, ಇಲ್ಲವೇ ತಿದಿ ಒತ್ತುವ ಹಳೇ ಕಾಲದ ಶ್ರುತಿ ಪೆಟ್ಟಿಗೆ. ಈಗ ಮೊಬೈಲಿನಲ್ಲೂ ಆ್ಯಪ್ ಇದೆ ನಿಜ. ಆದರೆ ವರ್ಣ ಹಾಡುತ್ತಾ ಅರ್ಧಕ್ಕೆ ಬಂದಾಗ ಬ್ಯಾಂಕಿನಿಂದ ಲೋನ್ ಬೇಕಾ ಅಂತ ಫೋನ್ ಬರುತ್ತದೆ. ಪೆಟ್ಟಿಗೆಗೆ ಆ ಕಾಟ ಇಲ್ಲ.

ತಂದ ದಿನವೇ ಎರಡು ಗಂಟೆ ಕೊಡಿ

ಹೊಸ ಪೆಟ್ಟಿಗೆ ತಂದ ಖುಷಿಯಲ್ಲಿ ಪೂಜೆ ಮಾಡಿ, ಕುಂಕುಮ ಇಟ್ಟು, ಐದು ನಿಮಿಷ ಕೇಳಿ ಮುಚ್ಚಿಡುತ್ತೇವೆ. ತಪ್ಪು ಅಲ್ಲೇ ಆಗುವುದು. ಜೋಡಿಸುವಾಗ ಏನಾದರೂ ಎಡವಟ್ಟಾಗಿದ್ದರೆ ಅದು ಮೊದಲ ಕೆಲವು ದಿನಗಳಲ್ಲೇ ತಲೆ ಎತ್ತುವುದು ಜಾಸ್ತಿ. ಅಂಗಡಿಯವರು ಬದಲಿಸಿಕೊಡಲು ಒಪ್ಪುವುದೂ ಅದೇ ದಿನಗಳಲ್ಲಿ.

ಪೆಟ್ಟಿಗೆ ತೆರೆಯುವಾಗ ಮೊಬೈಲಿನಲ್ಲಿ ವಿಡಿಯೋ ಮಾಡಿ. ಸೀರಿಯಲ್ ನಂಬರ್ ಕಾಣಲಿ. ಬಿಲ್ಲಿನ ಫೋಟೋ ತೆಗೆದಿಡಿ, ಏಕೆಂದರೆ ಅಂಗಡಿಯ ಬಿಲ್ಲುಗಳ ಶಾಯಿ ವರ್ಷದೊಳಗೆ ಮಾಯವಾಗುತ್ತದೆ. ರಟ್ಟಿನ ಡಬ್ಬಿ, ಥರ್ಮಕೋಲ್ ಎಸೆಯಬೇಡಿ. ರಿಪೇರಿಗೆ ಕೊರಿಯರ್ ಮಾಡುವ ದಿನ ಬಂದರೆ ಬೇಕು.

ಆಮೇಲೆ ಪೆಟ್ಟಿಗೆಯನ್ನು ಕಿವಿಯ ಹತ್ತಿರ ಹಿಡಿದು ಮೆಲ್ಲಗೆ ಅಲ್ಲಾಡಿಸಿ. ಒಳಗೆ ಏನೋ ಉರುಳಿದ ಸದ್ದು ಬಂದರೆ ಆನ್ ಮಾಡಲೇ ಬೇಡಿ. ಬಿದ್ದುಹೋದ ಸ್ಕ್ರೂ ಒಳಗಿನ ಸರ್ಕ್ಯೂಟ್ ಬೋರ್ಡಿನ ಮೇಲೆ ಕೂತು ಶಾರ್ಟ್ ಮಾಡಬಹುದು. ಸದ್ದಿಲ್ಲ ಅಂದರೆ ಆನ್ ಮಾಡಿ, ನೀವು ಹಾಡುವಾಗ ಇಡುವಷ್ಟೇ ಜೋರಿನಲ್ಲಿ ಎರಡು ಗಂಟೆ ಬಿಡಿ. ನಡುನಡುವೆ ಬಂದು ಪ್ರತಿ ಗುಂಡಿ ಒತ್ತಿ. ಪ್ರತಿ ನಾಬ್ ಈ ತುದಿಯಿಂದ ಆ ತುದಿಗೆ ತಿರುಗಿಸಿ. ಅಡಾಪ್ಟರ್ ಪಿನ್ ಹಾಕಿರುವಾಗಲೇ ವೈರನ್ನು ಬೆರಳಲ್ಲಿ ಮೆಲ್ಲಗೆ ಎಡಕ್ಕೆ ಬಲಕ್ಕೆ ಆಡಿಸಿ. ಸದ್ದು ಒಂದು ಕ್ಷಣ ತಡವರಿಸಿದರೂ ಅದು ದೋಷವೇ. "ಹೊಸತಲ್ವಾ, ಪಳಗುತ್ತೆ ಸಾರ್" ಎಂದು ಅಂಗಡಿಯವನು ಹೇಳಿದರೆ ಒಪ್ಪಬೇಡಿ. ಚಪ್ಪಲಿ ಪಳಗುತ್ತದೆ, ಸಾಕೆಟ್ ಪಳಗುವುದಿಲ್ಲ.

ಶ್ರುತಿ ಸರಿ ಇದೆಯೇ ಅನ್ನುವುದನ್ನೂ ಅದೇ ದಿನ ನೋಡಿ. ಮೊಬೈಲಿಗೆ ಯಾವುದಾದರೂ ಪುಕ್ಕಟೆ ಟ್ಯೂನರ್ ಆ್ಯಪ್ ಹಾಕಿಕೊಳ್ಳಿ. ಶ್ರುತಿಯ ಎತ್ತರವನ್ನು ಹಾರ್ಮೋನಿಯಂ ಮನೆಗಳ, ಅಂದರೆ ಕೀಗಳ, ಲೆಕ್ಕದಲ್ಲಿ ಹೇಳುತ್ತಾರೆ. ಒಂದು ಮನೆ ಶ್ರುತಿ ಅಂದರೆ ಟ್ಯೂನರಿನಲ್ಲಿ ಸಿ, 130.8 ಹರ್ಟ್ಸ್ ಅಥವಾ ಅದರ ಎರಡರಷ್ಟು. ಐದು ಮನೆ ಅಂದರೆ ಜಿ, 196 ಹರ್ಟ್ಸ್. ಆನ್ ಮಾಡಿದ ಕೂಡಲೇ ಒಮ್ಮೆ, ಎರಡು ಗಂಟೆ ಬಿಟ್ಟು ಇನ್ನೊಮ್ಮೆ ಅಳೆಯಿರಿ. ಹಳೇ ಅನಲಾಗ್ ಪೆಟ್ಟಿಗೆಗಳಲ್ಲಿ ಬಿಸಿಯಾದಂತೆ ಶ್ರುತಿ ಸ್ವಲ್ಪ ಜಾರುತ್ತಿತ್ತು, ಅದಕ್ಕೇ ಅವುಗಳಲ್ಲಿ ಸಣ್ಣದಾಗಿ ತಿದ್ದಲು ಒಂದು ನಾಬ್ ಇರುತ್ತಿತ್ತು. ಡಿಜಿಟಲ್ ಪೆಟ್ಟಿಗೆಯಲ್ಲಿ ಹಾಗೆ ಜಾರಬಾರದು.

ನಾನು ಮಾಡಿದ ತಪ್ಪು

ನಮ್ಮ ಮನೆಗೆಂದು ತಂದ ಮೊದಲ ಪೆಟ್ಟಿಗೆಯಲ್ಲಿ ಒಂಬತ್ತನೇ ದಿನಕ್ಕೆ ಅಡಾಪ್ಟರ್ ಸಾಕೆಟ್ ಸಡಿಲವಾಯಿತು. ಪಿನ್ ಅಲ್ಲಾಡಿದರೆ ಸದ್ದು ಹೋಗುವುದು, ಬರುವುದು. ಹೆಂಡತಿ "ರೀ, ಅಂಗಡಿಗೆ ಕೊಟ್ಟು ಬನ್ನಿ" ಅಂದಳು. ನಾನು ಕೇಳಬೇಕಲ್ಲ. ಸ್ಕ್ರೂಡ್ರೈವರ್ ಕೈಯಲ್ಲಿತ್ತು, ಭಾನುವಾರ ಬೇರೆ. ಹಿಂದಿನ ನಾಲ್ಕು ಸ್ಕ್ರೂಗಳಲ್ಲಿ ಒಂದರ ಮೇಲೆ ಉಗುರಿನಷ್ಟಗಲದ ಬಿಳಿ ಸ್ಟಿಕ್ಕರ್ ಇತ್ತು. ಹರಿದೆ. ಒಳಗೆ ನೋಡಿದೆ. ಬೆಸುಗೆ ಬಿಟ್ಟಿದ್ದು ಕಂಡಿತು, ಆದರೆ ಆಗ ನನ್ನ ಹತ್ತಿರ ಸೋಲ್ಡರಿಂಗ್ ಐರನ್ ಇರಲಿಲ್ಲ. ಸೋಮವಾರ ಸರ್ವಿಸ್ ಸೆಂಟರಿಗೆ ಹೋದರೆ ಅಲ್ಲಿದ್ದ ಹುಡುಗ ಪೆಟ್ಟಿಗೆ ಆನ್ ಕೂಡ ಮಾಡಲಿಲ್ಲ. ಮಗುಚಿ ನೋಡಿ, "ಸ್ಟಿಕ್ಕರ್ ಹರಿದಿದೆ ಸಾರ್, ವಾರಂಟಿ ಬರಲ್ಲ" ಅಂದ.

ವಾರಂಟಿ ಇರುವವರೆಗೂ ಸ್ಕ್ರೂಡ್ರೈವರ್ ಬೀರುವಿನಲ್ಲಿರಲಿ. ದೋಷ ಎಲ್ಲಿದೆ ಎಂದು ಪೆಟ್ಟಿಗೆ ಬಿಚ್ಚದೆಯೇ ಮುಕ್ಕಾಲು ಪಾಲು ಕಂಡುಹಿಡಿಯಬಹುದು. ಹೇಗೆ ಅಂತ ಹೇಳುತ್ತೇನೆ.

ಬಿಚ್ಚದೆ ಪತ್ತೆ ಮಾಡುವುದು

ಒಂದು ಸಲಕ್ಕೆ ಒಂದನ್ನೇ ಬದಲಿಸಿ ನೋಡಬೇಕು. ಗುಟ್ಟು ಅಷ್ಟೇ.

ಮೊದಲು ಅಡಾಪ್ಟರ್ ತೆಗೆದು ಹೊಸ ಸೆಲ್ಲು ಹಾಕಿ ನುಡಿಸಿ. ಗುಂಯ್ ಅನ್ನುವ ಹಿನ್ನೆಲೆ ಸದ್ದು ನಿಂತಿತಾ? ಹಾಗಾದರೆ ಪೆಟ್ಟಿಗೆಯದ್ದೇನೂ ತಪ್ಪಿಲ್ಲ. ಮನೆಯ ಕರೆಂಟಿನ 50 ಹರ್ಟ್ಸ್ ಅಡಾಪ್ಟರನ್ನು ದಾಟಿಕೊಂಡು ಬರುತ್ತಿದೆ. ಅಡಾಪ್ಟರ್ ಬದಲಿಸಿದರೆ ಮುಗಿಯಿತು. ಅದಕ್ಕೂ ಮುಂಚೆ ಬೇರೆ ಪ್ಲಗ್ ಪಾಯಿಂಟಿನಲ್ಲಿ ಹಾಕಿ ನೋಡಿ. ನಮ್ಮ ಮನೆಯಲ್ಲಿ ಫ್ರಿಜ್ ಇರುವ ಪಾಯಿಂಟಿಗೆ ಹಾಕಿದರೆ ಮಾತ್ರ ಗುಂಯ್‌ಗುಡುತ್ತಿತ್ತು.

ಎರಡನೆಯದು ಇಯರ್‌ಫೋನ್. ಸ್ಪೀಕರಿನಲ್ಲಿ ಒಡಕು ಸದ್ದು, ಇಯರ್‌ಫೋನಿನಲ್ಲಿ ಶುದ್ಧವಾಗಿದೆ ಅಂದರೆ ಸ್ಪೀಕರ್ ಹರಿದಿದೆ, ಇಲ್ಲವೇ ಅದರ ಸ್ಕ್ರೂ ಸಡಿಲವಾಗಿ ಪೆಟ್ಟಿಗೆಯ ಮೈ ನಡುಗುತ್ತಿದೆ. ಅಂಗೈಯನ್ನು ಜಾಲರಿಯ ಪಕ್ಕದ ಪ್ಲಾಸ್ಟಿಕ್ ಮೇಲೆ ಗಟ್ಟಿಯಾಗಿ ಒತ್ತಿ. ಒಡಕು ನಿಂತರೆ ಸ್ಪೀಕರ್ ಚೆನ್ನಾಗಿದೆ, ಸಡಿಲವಿರುವುದು ಮೈ. ಇಯರ್‌ಫೋನಿನಲ್ಲೂ ಒಡಕೇ ಇದ್ದರೆ ದೋಷ ಒಳಗೆ.

ಕರಕರ ಸದ್ದು ನಾಬ್ ತಿರುಗಿಸುವಾಗ ಮಾತ್ರ ಬಂದರೆ ನಾಬಿನೊಳಗೆ ಧೂಳು. ವೈರ್ ಅಲ್ಲಾಡಿದಾಗ ಬಂದರೆ ಸಾಕೆಟ್. ಯಾವಾಗ ಬೇಕಾದರೂ ಬಂದರೆ ಸೆಲ್ಲಿನ ಸ್ಪ್ರಿಂಗ್ ಅಥವಾ ಒಳಗಿನ ಬೆಸುಗೆ.

ಅಡಾಪ್ಟರ್ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು. ನಾನು ನೋಡಿದ ಸತ್ತ ಪೆಟ್ಟಿಗೆಗಳಲ್ಲಿ ಹೆಚ್ಚಿನವು ಸತ್ತಿದ್ದು ಬೇರೆ ಅಡಾಪ್ಟರಿನಿಂದ. ಕೆಲವು ಪೆಟ್ಟಿಗೆಗೆ 9 ವೋಲ್ಟ್, ಕೆಲವಕ್ಕೆ 12, ಚಿಕ್ಕವಕ್ಕೆ 5. ವೋಲ್ಟ್ ಸರಿಯಿದ್ದರೆ ಸಾಲದು. ಅಡಾಪ್ಟರಿನ ಮೇಲೆ ಒಂದು ಸಣ್ಣ ಚಿತ್ರ ಇರುತ್ತದೆ: ನಡುವೆ ಚುಕ್ಕೆ, ಸುತ್ತ ಅರ್ಧ ಬಳೆ, ಆಚೀಚೆ ಪ್ಲಸ್ಸು ಮೈನಸ್ಸು. ಪಿನ್ನಿನ ಒಳಭಾಗ ಪ್ಲಸ್ಸೋ ಮೈನಸ್ಸೋ ಅಂತ ಅದು ಹೇಳುತ್ತದೆ. ಪೆಟ್ಟಿಗೆಯ ಸಾಕೆಟ್ ಪಕ್ಕದಲ್ಲೂ ಅದೇ ಚಿತ್ರ ಇರಬೇಕು. ಗಿಟಾರ್ ಪೆಡಲಿನ 9 ವೋಲ್ಟ್ ಅಡಾಪ್ಟರುಗಳಲ್ಲಿ ಸಾಮಾನ್ಯವಾಗಿ ಒಳಭಾಗ ಮೈನಸ್ಸು. ಒಬ್ಬ ಹುಡುಗ ಅಣ್ಣನ ಗಿಟಾರ್ ಪೆಡಲಿನದ್ದನ್ನು ಹಾಕಿ ತಂದಿದ್ದ. ಪಿನ್ ಚೆನ್ನಾಗಿ ಕೂತಿತ್ತು, ಸುಟ್ಟ ವಾಸನೆಯೂ ಚೆನ್ನಾಗಿ ಬರುತ್ತಿತ್ತು.

ಪಿನ್ನಿನ ಅಳತೆಯದ್ದೂ ಒಂದು ಮೋಸ ಇದೆ. ಹೊರಗಿನ ಅಗಲ 5.5 ಮಿಲಿಮೀಟರ್ ಇರುವ ಪಿನ್ನುಗಳಲ್ಲಿ ಒಳತೂತು 2.1 ಅಥವಾ 2.5. ಕಣ್ಣಿಗೆ ಎರಡೂ ಒಂದೇ. 2.1ರ ಸಾಕೆಟ್ಟಿಗೆ 2.5ರ ಪಿನ್ ಸಲೀಸಾಗಿ ಹೋಗುತ್ತದೆ, ಕೆಲಸವೂ ಮಾಡುತ್ತದೆ, ಅಲ್ಲಾಡಿದರೆ ಕೈಬಿಡುತ್ತದೆ. ನಾವು ಪೆಟ್ಟಿಗೆಯನ್ನು ಬೈಯುತ್ತಾ ಕೂರುತ್ತೇವೆ. ಪೆಟ್ಟಿಗೆಯ ಜೊತೆಗೇ ಬಂದ ಅಡಾಪ್ಟರ್ ಹಾಕಿ ಒಮ್ಮೆ ನೋಡಿ, ಆಮೇಲೆ ದೂರು ಕೊಡಿ.

ಅಂಗಡಿಯವರು ಕೈ ಎತ್ತಿದರೆ

ದೋಷ ಒಳಗಿನದೇ ಎಂದು ಗೊತ್ತಾದ ಮೇಲೆ, ಅದು ಕಾಣುವ ಹಾಗೆ ಅರ್ಧ ನಿಮಿಷದ ವಿಡಿಯೋ ಮಾಡಿ. "ಸರಿಯಾಗಿ ಬರ್ತಿಲ್ಲ" ಅಂದರೆ ಯಾರಿಗೂ ಅರ್ಥವಾಗುವುದಿಲ್ಲ. "ಕಂಪನಿಯ ಅಡಾಪ್ಟರ್ ಹಾಕಿ, ವೈರ್ ಅಲ್ಲಾಡಿಸಿದರೆ ಸದ್ದು ಕಟ್ ಆಗುತ್ತದೆ, ಸೆಲ್ಲಿನಲ್ಲಿ ಆಗುವುದಿಲ್ಲ" ಎಂದು ಬರೆಯಿರಿ. ಫೋನಿನಲ್ಲಿ ಹೇಳಿದ್ದನ್ನು ಇಮೇಲಿನಲ್ಲೋ ವಾಟ್ಸಾಪಿನಲ್ಲೋ ಮತ್ತೆ ಬರೆದು ಕಳಿಸಿ. ತಾರೀಕು ಉಳಿಯಬೇಕು, ಅದು ಮುಖ್ಯ. ಪೆಟ್ಟಿಗೆ ರಿಪೇರಿಗೆ ಬಿಟ್ಟು ಬರುವಾಗ ಸೀರಿಯಲ್ ನಂಬರ್ ಬರೆದ ಚೀಟಿ ಇಸಿದುಕೊಳ್ಳದೆ ಬರಬೇಡಿ.

ಆಗಲೂ ಕೆಲಸ ಆಗದಿದ್ದರೆ 1915ಕ್ಕೆ ಫೋನ್ ಮಾಡಿ. ಅದು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ, ಕನ್ನಡದಲ್ಲೂ ಮಾತಾಡಬಹುದು. ಅವರು ಕಂಪನಿಗೆ ದೂರು ದಾಟಿಸುತ್ತಾರೆ. ಅದಕ್ಕೂ ಜಗ್ಗದಿದ್ದರೆ ಜಿಲ್ಲಾ ಗ್ರಾಹಕ ಆಯೋಗ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ನೀವು ವಾಸವಿರುವ ಊರಿನಲ್ಲೇ ದೂರು ಕೊಡಬಹುದು, ಕಂಪನಿ ಎಲ್ಲಿದ್ದರೂ ಸರಿ. ಕೊಟ್ಟ ಬೆಲೆ 5 ಲಕ್ಷದೊಳಗಿದ್ದರೆ ಶುಲ್ಕ ಇಲ್ಲ. ದೋಷ ಕಂಡ ಎರಡು ವರ್ಷದೊಳಗೆ ಹೋಗಬೇಕು. "ನಾನು ಪಾಠ ಹೇಳಿ ದುಡ್ಡು ತಗೊಳ್ತೀನಿ, ನಾನು ಗ್ರಾಹಕಿ ಆಗ್ತೀನಾ?" ಎಂದು ನನ್ನ ಹೆಂಡತಿ ಕೇಳಿದ್ದಳು. ಆಗುತ್ತಾಳೆ. ಸ್ವಂತ ದುಡಿಮೆಯ ಹೊಟ್ಟೆಪಾಡಿಗೆಂದೇ ಕೊಂಡ ವಸ್ತುವನ್ನು ಕಾಯ್ದೆ ವ್ಯಾಪಾರ ಎಂದು ಎಣಿಸುವುದಿಲ್ಲ.

ವಾರಂಟಿ ಮುಗಿದ ಮೇಲೆ: ನಿಮ್ಮ ಕೈ, ನಿಮ್ಮ ಸ್ಕ್ರೂಡ್ರೈವರ್

ಮೊದಲು ಪಿನ್ ಕಿತ್ತು, ಸೆಲ್ಲು ತೆಗೆಯಿರಿ. ಮೇಜಿನ ಮೇಲೆ ಬಿಳಿ ಬಟ್ಟೆ ಹಾಸಿ. ಬಿದ್ದ ಸ್ಕ್ರೂ ಕಾಣುತ್ತದೆ. ಪೆಟ್ಟಿಗೆಯ ಎರಡು ಹೋಳನ್ನು ದಢಕ್ಕನೆ ಎಳೆಯಬೇಡಿ, ಸ್ಪೀಕರಿನ ವೈರ್ ಒಂದು ಹೋಳಿಗೂ ಬೋರ್ಡ್ ಇನ್ನೊಂದಕ್ಕೂ ಅಂಟಿಕೊಂಡಿರುತ್ತದೆ. ಏನನ್ನಾದರೂ ಕೀಳುವ ಮುಂಚೆ ಒಂದು ಫೋಟೋ. ಇಲ್ಲದಿದ್ದರೆ ಕೆಂಪು ವೈರ್ ಎಲ್ಲಿತ್ತು ಎಂದು ರಾತ್ರಿ ಹನ್ನೊಂದಕ್ಕೆ ತಲೆ ಕೆರೆದುಕೊಳ್ಳಬೇಕಾಗುತ್ತದೆ.

*ಸೆಲ್ಲು ಸೋರಿದ್ದರೆ.* ನನ್ನ ಹತ್ತಿರ ಬರುವುದರಲ್ಲಿ ಇದೇ ಜಾಸ್ತಿ. ಬೇಸಿಗೆ ರಜಕ್ಕೆ ಊರಿಗೆ ಹೋದವರು ಸೆಲ್ಲು ಒಳಗೇ ಬಿಟ್ಟಿರುತ್ತಾರೆ. ಜೂನಿನಲ್ಲಿ ಮುಚ್ಚಳ ತೆಗೆದರೆ ಸ್ಪ್ರಿಂಗಿನ ಮೇಲೆ ಬಿಳಿಯಾಗಿ, ಅಲ್ಲಲ್ಲಿ ಹಸಿರಾಗಿ ಉಪ್ಪಿನ ಹಾಗೆ ಏನೋ ಕೂತಿರುತ್ತದೆ. ಬರಿಗೈಯಲ್ಲಿ ಮುಟ್ಟಬೇಡಿ. ಆಲ್ಕಲೈನ್ ಸೆಲ್ಲಾದರೆ ಸೋರಿದ್ದು ಕ್ಷಾರ. ಕಿವಿಗೆ ಹಾಕುವ ಹತ್ತಿ ಕಡ್ಡಿಯನ್ನು ವಿನೆಗರಿನಲ್ಲೋ ನಿಂಬೆರಸದಲ್ಲೋ ಅದ್ದಿ ಒರೆಸಿ. ಸಣ್ಣಗೆ ನೊರೆ ಬರುತ್ತದೆ, ಅದು ಕೆಲಸ ಮಾಡುತ್ತಿರುವ ಗುರುತು. ಗೋಡೆ ಗಡಿಯಾರಕ್ಕೆ ಹಾಕುವಂಥ ಕಡಿಮೆ ಬೆಲೆಯ ಜಿಂಕ್ ಕಾರ್ಬನ್ ಸೆಲ್ಲಾದರೆ ಸೋರಿದ್ದು ಹುಳಿ ಗುಣದ್ದು. ಅದಕ್ಕೆ ಅಡುಗೆ ಸೋಡಾ ಕಲಸಿದ ನೀರು. ಕಡ್ಡಿ ತೇವವಾಗಿದ್ದರೆ ಸಾಕು, ತೊಟ್ಟಿಕ್ಕಬಾರದು. ಒರೆಸಿದ ಮೇಲೆ ನೀರಿನ ಕಡ್ಡಿ, ಆಮೇಲೆ ಒಣ ಕಡ್ಡಿ. ಕೊನೆಗೆ ನಯವಾದ ಉಪ್ಪುಕಾಗದದಿಂದ ಸ್ಪ್ರಿಂಗಿನ ತುದಿಯನ್ನು ಹೊಳೆಯುವವರೆಗೆ ಉಜ್ಜಿ. ಸ್ಪ್ರಿಂಗ್ ತಿಂದುಹೋಗಿ ಮುರಿದರೆ ಹೊಸದು ಸಿಗುತ್ತದೆ. ಬೆಂಗಳೂರಿನಲ್ಲಾದರೆ ಎಲೆಕ್ಟ್ರಾನಿಕ್ ಬಿಡಿಭಾಗ ಸಿಗುವ ಎಸ್.ಪಿ. ರೋಡಿನಲ್ಲಿ ಹಳೆಯದನ್ನು ತೋರಿಸಿ ಕೇಳಿ.

*ನಾಬ್ ಕರಕರ ಅಂದರೆ.* ಕಾಂಟ್ಯಾಕ್ಟ್ ಕ್ಲೀನರ್ ಎಂದೇ ಸ್ಪ್ರೇ ಸಿಗುತ್ತದೆ. ನಾಬಿನ ಕೆಳಗಿರುವ ದುಂಡನೆ ಲೋಹದ ಡಬ್ಬಿಯಲ್ಲಿ, ಕಾಲುಗಳು ಹೊರಬರುವ ಕಡೆ, ಒಂದು ಸಣ್ಣ ಸಂದು ಇರುತ್ತದೆ. ಅಲ್ಲಿಗೆ ಒಂದೇ ಸಲ ಪುಸ್ಸಂತ ಹೊಡೆದು, ನಾಬನ್ನು ಮೂವತ್ತು ಸಲ ತುದಿಯಿಂದ ತುದಿಗೆ ತಿರುಗಿಸಿ. ಕಾಲು ಗಂಟೆ ಒಣಗಲು ಬಿಡಿ. ಬಾಗಿಲಿನ ಕೀಲಿಗೆ ಹೊಡೆಯುವ ತುಕ್ಕಿನ ಸ್ಪ್ರೇ ಬೇಡ. ಹೊಲಿಗೆ ಮಷೀನಿನ ಎಣ್ಣೆ ಅಂತೂ ಬೇಡವೇ ಬೇಡ. ನಮ್ಮ ಮಾವನವರು ಒಮ್ಮೆ ಹಾಕಿದ್ದರು. ಎರಡು ದಿನ ಬೆಣ್ಣೆಯಂತೆ ತಿರುಗಿತು, ಮೂರನೇ ದಿನಕ್ಕೆ ಧೂಳೆಲ್ಲ ಕೆಸರಾಯಿತು.

*ಸಾಕೆಟ್ ಬೆಸುಗೆ ಬಿಟ್ಟಿದ್ದರೆ.* ಬೋರ್ಡಿನ ಹಿಂಬದಿಯಲ್ಲಿ ಸಾಕೆಟ್ಟಿನ ಮೂರು ಕಾಲುಗಳು ಬೆಳ್ಳಿ ಗುಡ್ಡೆಗಳ ಹಾಗೆ ಕಾಣುತ್ತವೆ. ಮೊಬೈಲ್ ಕ್ಯಾಮರಾ ಝೂಮ್ ಮಾಡಿ ನೋಡಿ. ಕಾಲಿನ ಸುತ್ತ ಕೂದಲೆಳೆಯಷ್ಟು ಕಪ್ಪು ಉಂಗುರ ಕಂಡರೆ ಅಲ್ಲೇ ಬಿಟ್ಟಿದೆ. ನನ್ನ ಪೆಟ್ಟಿಗೆಯಲ್ಲಿ ಇದ್ದದ್ದೂ ಅದೇ. ಈ ಸಾಕೆಟ್ಟನ್ನು ಹಿಡಿದಿಡುವುದು ಆ ಮೂರು ಗುಡ್ಡೆಗಳು ಮಾತ್ರ. ಪ್ರತಿ ಸಲ ಪಿನ್ ಚುಚ್ಚಿದಾಗಲೂ ಎಳೆದಾಗಲೂ ಭಾರವೆಲ್ಲ ಅವುಗಳ ಮೇಲೆ. ಚೆನ್ನಾಗಿ ಮಾಡಿದ ಪೆಟ್ಟಿಗೆಯಲ್ಲಿ ಸಾಕೆಟ್ಟನ್ನು ಪ್ಲಾಸ್ಟಿಕ್ ಮೈಗೇ ನಟ್ಟು ಹಾಕಿ ಬಿಗಿದಿರುತ್ತಾರೆ. ಕೊಳ್ಳುವಾಗಲೇ ಹೊರಗಿನಿಂದ ನೋಡಿಕೊಳ್ಳಬಹುದು, ಸಾಕೆಟ್ ಸುತ್ತ ಲೋಹದ ನಟ್ಟು ಕಂಡರೆ ಒಳ್ಳೆಯದು.

25 ವ್ಯಾಟಿನ ಸೋಲ್ಡರಿಂಗ್ ಐರನ್ ಸಾಕು. ತುದಿಯನ್ನು ಕಾಲಿಗೂ ಬೋರ್ಡಿಗೂ ಒಟ್ಟಿಗೆ ತಾಗಿಸಿ, ಒಂದೆರಡು ಸೆಕೆಂಡಿಗೆ ಹಳೇ ಬೆಸುಗೆ ಕರಗಿದಾಗ ಹೊಸ ಲೆಡ್ಡನ್ನು, ಅಂದರೆ ಬೆಸುಗೆ ತಂತಿಯನ್ನು, ಚೂರೇ ಚೂರು ಕೊಟ್ಟು ಐರನ್ ಎತ್ತಿ. ಆರುವವರೆಗೆ ಅಲ್ಲಾಡಿಸಬೇಡಿ. ಗುಡ್ಡೆ ನಯವಾಗಿ, ಬುಡದಲ್ಲಿ ಹರಡಿಕೊಂಡಿದ್ದರೆ ಸರಿ. ಮುತ್ತಿನ ಹಾಗೆ ಉಂಡೆಯಾಗಿ ನಿಂತರೆ ಅದು ಹಿಡಿದಿಲ್ಲ. ಮುಂಚೆ ಐರನ್ ಹಿಡಿದಿಲ್ಲದವರು ಶ್ರುತಿ ಪೆಟ್ಟಿಗೆಯ ಮೇಲೆ ಕಲಿಯಬೇಡಿ. ಹಳೇ ರೇಡಿಯೋ ಬೋರ್ಡು ಸಿಕ್ಕರೆ ಅದರ ಮೇಲೆ ಇಪ್ಪತ್ತು ಬೆಸುಗೆ ಹಾಕಿ ಕೈ ಪಳಗಿಸಿ. ಅಥವಾ ಬೀದಿ ಕೊನೆಯ ಮೊಬೈಲ್ ರಿಪೇರಿ ಅಂಗಡಿಗೆ ಕೊಡಿ, ಎಲ್ಲಿ ಹಾಕಬೇಕು ಎಂದು ನೀವೇ ತೋರಿಸಿದರೆ ಹತ್ತು ನಿಮಿಷದ ಕೆಲಸ.

*ಸ್ಕ್ರೂ ತಿರುಗುತ್ತಲೇ ಇದ್ದರೆ.* ಪ್ಲಾಸ್ಟಿಕ್ಕಿನ ತೂತಿನ ಎಳೆ ಸವೆದಿದೆ. ಊದುಬತ್ತಿ ಉರಿದ ಮೇಲೆ ಉಳಿಯುವ ಬಿದಿರು ಕಡ್ಡಿ ಇದಕ್ಕೆ ಹೇಳಿ ಮಾಡಿಸಿದ್ದು. ಅದರ ತುದಿಗೆ ಒಂದು ತೊಟ್ಟು ಫೆವಿಕ್ವಿಕ್ ಮುಟ್ಟಿಸಿ ತೂತಿಗೆ ಇಳಿಸಿ, ಮಟ್ಟಕ್ಕೆ ಮುರಿದು, ಪೂರ್ತಿ ಒಣಗಿದ ಮೇಲೆ ಸ್ಕ್ರೂ ಹಾಕಿ. ಹಸಿ ಇರುವಾಗಲೇ ಹಾಕಿದರೆ ಸ್ಕ್ರೂ ಜನ್ಮದಲ್ಲಿ ಹೊರಗೆ ಬರುವುದಿಲ್ಲ. ಸವೆಯದಿರುವ ತೂತಿಗೂ ಒಂದು ಕೈಚಳಕ ಇದೆ. ಸ್ಕ್ರೂವನ್ನು ಮೊದಲು ಉಲ್ಟಾ ತಿರುಗಿಸಿ. ಟಕ್ ಎಂದು ಒಂದು ಚೂರು ಕೆಳಗೆ ಬೀಳುತ್ತದೆ. ಹಳೇ ಎಳೆಗೆ ಕೂತಿತು ಅಂತ ಅರ್ಥ. ಅಲ್ಲಿಂದ ಬಿಗಿ ಮಾಡಿದರೆ ಹೊಸ ಎಳೆ ಕೊರೆಯುವುದಿಲ್ಲ.

*ಗುಂಡಿ ಒತ್ತಿದರೂ ಕೇಳದಿದ್ದರೆ.* ರಬ್ಬರ್ ಗುಂಡಿಯ ಅಡಿಯ ಕಪ್ಪು ಬೊಟ್ಟನ್ನೂ ಅದು ಕೂರುವ ಜಾಗವನ್ನೂ ಐಸೊಪ್ರೊಪೈಲ್ ಆಲ್ಕೋಹಾಲಿನಲ್ಲಿ ಒರೆಸಿ. ಟಿವಿ ರಿಮೋಟಿಗೆ ಮಾಡುವ ಕೆಲಸವೇ.

ಒಂದೇ ಒಂದಕ್ಕೆ ಕೈ ಹಾಕಬೇಡಿ. ಚಾರ್ಜ್ ಮಾಡುವ ಲಿಥಿಯಂ ಬ್ಯಾಟರಿ ಇರುವ ಪೆಟ್ಟಿಗೆಯ ಹಿಂಬದಿ ಉಬ್ಬಿದ್ದರೆ, ಎರಡು ಹೋಳಿನ ನಡುವೆ ಸಂದು ಬಿಟ್ಟಿದ್ದರೆ, ಒತ್ತಿ ಮುಚ್ಚಲು ಹೋಗಬೇಡಿ, ಚಾರ್ಜಿಗೂ ಹಾಕಬೇಡಿ. ಬ್ಯಾಟರಿ ಊದಿಕೊಂಡಿದೆ. ಚುಚ್ಚಿದರೆ, ಬಾಗಿದರೆ ಬೆಂಕಿ ಹತ್ತಬಹುದು. ಹಾಸಿಗೆ, ಪರದೆಗಳಿಂದ ದೂರ, ಕಲ್ಲಿನ ನೆಲದ ಮೇಲಿಟ್ಟು ಸರ್ವಿಸ್ ಸೆಂಟರಿಗೆ ಹೇಳಿ. ಕಸದ ಗಾಡಿಗೆ ಹಾಕುವಂತಿಲ್ಲ, ಇ-ತ್ಯಾಜ್ಯ ತೆಗೆದುಕೊಳ್ಳುವವರಿಗೇ ಕೊಡಬೇಕು.

ಮತ್ತೆ ಬರದ ಹಾಗೆ

ಅಡಾಪ್ಟರ್ ವೈರನ್ನು ಪೆಟ್ಟಿಗೆಯ ಹಿಡಿಕೆಗೆ ಒಂದು ಸುತ್ತು ಸುತ್ತಿ, ಆಮೇಲೆ ಪಿನ್ ಹಾಕಿ. ಯಾರಾದರೂ ಎಡವಿದರೆ ಎಳೆತ ಹಿಡಿಕೆಗೆ ಹೋಗುತ್ತದೆ, ಸಾಕೆಟ್ಟಿಗೆ ಅಲ್ಲ. ಚಾಪೆಯ ಮೇಲೆ ಹನ್ನೆರಡು ಮಕ್ಕಳು ಕೂರುವ ಮನೆಯಲ್ಲಿ ದಿನಕ್ಕೆ ಎರಡು ಸಲವಾದರೂ ಯಾರೋ ಎಡವುತ್ತಾರೆ. ವಾರಕ್ಕಿಂತ ಜಾಸ್ತಿ ದಿನ ನುಡಿಸದೆ ಇಡುವುದಾದರೆ ಸೆಲ್ಲು ತೆಗೆದಿಡಿ. ಮಲೆನಾಡು, ಕರಾವಳಿಯವರು ಮಳೆಗಾಲದಲ್ಲಿ ಚೀಲದೊಳಗೆ ಸಿಲಿಕಾ ಜೆಲ್ ಪೊಟ್ಟಣ ಹಾಕಿಡಿ, ಸ್ಪೀಕರಿನ ಕಾಗದಕ್ಕೆ ತೇವ ಆಗುವುದಿಲ್ಲ.

ಇನ್ನು ರಿಪೇರಿ ಆಗುವುದೇ ಇಲ್ಲ ಎಂದು ಗೊತ್ತಾದ ಪೆಟ್ಟಿಗೆಯನ್ನು ತಕ್ಷಣ ಎಸೆಯಬೇಡಿ. ಒಂದು ಮಾದರಿಯ ನಾಬ್, ಮುಚ್ಚಳ ಅಂಗಡಿಯಲ್ಲಿ ಬಿಡಿಯಾಗಿ ಸಿಗುವುದು ಅಪರೂಪ. ನನ್ನ ಆ ಸ್ಟಿಕ್ಕರ್ ಹರಿದ ಪೆಟ್ಟಿಗೆಗೆ ನಾನೇ ಬೆಸುಗೆ ಹಾಕಿದೆ, ಐದು ವರ್ಷ ನಡೆಯಿತು. ಆಮೇಲೆ ಕೆಳಗೆ ಬಿದ್ದು ಮೈ ಸೀಳಿತು. ಅದರ ವಾಲ್ಯೂಮ್ ನಾಬ್ ಈಗ ಒಬ್ಬ ಹುಡುಗಿಯ ಪೆಟ್ಟಿಗೆಯಲ್ಲಿದೆ. ಸ್ಪೀಕರ್ ಇನ್ನೊಬ್ಬನಿಗೆ ಹೋಯಿತು. ಸೆಲ್ಲಿನ ಮುಚ್ಚಳವನ್ನು ಪಕ್ಕದ ಬೀದಿಯ ಭಜನಾ ಮಂಡಳಿಯವರು ಕೇಳಿ ತೆಗೆದುಕೊಂಡು ಹೋದರು. ಉಳಿದಿರುವುದು ಬಿಸ್ಕತ್ತಿನ ಡಬ್ಬಿಯಲ್ಲಿ ಒಂದು ಬೋರ್ಡು ಅಷ್ಟೇ. ಮೊನ್ನೆ ಸುಮ್ನೆ ಅಡಾಪ್ಟರ್ ಹಾಕಿ, ಇಯರ್‌ಫೋನ್ ಚುಚ್ಚಿ ಹೆಂಡತಿಗೆ ಕೊಟ್ಟೆ. ಕಣ್ಣು ಮುಚ್ಚಿ ಕೇಳಿ, "ಪ ಸ ಸ ಸ. ಐದೂವರೆ ಮನೆ. ಒಂದು ಕೂದಲೂ ಆಚೀಚೆ ಇಲ್ಲ ನೋಡಿ" ಅಂದಳು.